ವಿಜಯೀಂದ್ರರ ಪ್ರೋಟೀನು

ಮಣಿಪಾಲದ ನಮ್ಮ ನೆರೆಮನೆಯ ಸಸ್ಯವಿಜ್ಞಾನಿ ಡಾ. ವಿಜಯೀಂದ್ರರಿಗೆ ಮನುಷ್ಯರ ಕಾಯಿಲೆ ವಿಚಾರಿಸುವ ಕೆಟ್ಟ ಅಭ್ಯಾಸವಿಲ್ಲ. ಹೆಂಡತಿ ವಿಭಾ ಜ್ವರದಿಂದ ಮಲಗಿದ್ದಾಗ ಅವರು ಕಾರ್ಕಳದ ಒಂದು ಹಲಸಿನ ಮರಕ್ಕೆ ಹಿಡಿದ ಶಿಲೀಂಧ್ರದ ಯೋಗಕ್ಷೇಮ ನೋಡಲು ಹೋಗಿದ್ದರು. ಮನೆಯ ಫ್ರಿಜ್ಜಿನಲ್ಲಿ ಮೊಸರಿಗಿಂತ ರೋಗದ ಎಲೆಗಳಿಗೇ ಹೆಚ್ಚು ಜಾಗ. ಮದುವೆಯೂಟದ ಪಂಕ್ತಿಯಲ್ಲಿ ಪಾಯಸಕ್ಕಿಂತ ಮೊದಲು ಅವರ ಉಪನ್ಯಾಸ ಬರುತ್ತದೆ: "ಮರ ಸುಮ್ಮನೆ ನಿಂತಿರ್ತದೆ ಅಂತ ಜನ ತಿಳಿದಿದ್ದಾರೆ ಮಾರಾಯ್ರೆ. ಶಿಲೀಂಧ್ರ ಒಳಗೆ ನುಗ್ಗಿದ ಕೂಡಲೇ ಆ ಶಿಲೀಂಧ್ರದ ಕೋಶದ ಗೋಡೆ ಒಡೆಯುವ ಪ್ರೋಟೀನನ್ನು ಮರವೇ ತಯಾರು ಮಾಡ್ತದೆ." ಬಲಗಡೆಯವರು ಎಲೆ ಮಡಚಿ ಎದ್ದರೆ ಎಡಗಡೆಯವರತ್ತ ತಿರುಗುತ್ತಾರೆ. ಅಷ್ಟೆಲ್ಲ ಆಗಿ ಮರ ಬದುಕುತ್ತದೆಯೇ ಎಂದು ಯಾರಾದರೂ ಕೇಳಿದರೆ, "ಅದು ನನ್ನ ವಿಷಯ ಅಲ್ಲ" ಎಂದು ಕೈ ತೊಳೆಯಲು ಹೋಗುತ್ತಾರೆ. ಕಳೆದ ವಾರ ಕಾರ್ಕಳಕ್ಕೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಆ ಹಲಸಿನ ಒಣಗಿದ ಗೆಲ್ಲುಗಳು ಮನೆಯ ಮಾಡಿನ ಮೇಲೆ ಬೀಳುತ್ತಿದ್ದುದರಿಂದ ಮನೆಯೊಡತಿ ನಳಿನಾಕ್ಷಿಯಕ್ಕ ಮರ ಕಡಿಯುವವರನ್ನು ಕರೆಸಿದ್ದರು. ವಿಜಯೀಂದ್ರರು ಕೊನೆಯದಾಗಿ ನಾಲ್ಕು ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡರು. "ಇನ್ನು ಕಡಿಯಬಹುದಲ್ವಾ ಡಾಕ್ಟ್ರೇ?" ಎಂದು ನಳಿನಾಕ್ಷಿಯಕ್ಕ ಕೇಳಿದರು. ಕಾಂಡದ ಮೇಲಿಟ್ಟ ಕೈಯನ್ನು ವಿಜಯೀಂದ್ರರು ತಕ್ಷಣ ತೆಗೆಯಲಿಲ್ಲ. "ಕಡಿಸಿ ಅಕ್ಕ. ಇದು ಉಳಿಯುವುದಿಲ್ಲ. ಆದರೆ ಹೋದ ತಿಂಗಳ ಎಲೆಯಲ್ಲಿ ಪ್ರೋಟೀನು ಮೊದಲಿಗಿಂತ ಹೆಚ್ಚು ಉಂಟು. ತಾನು ಸೋತದ್ದು ಮರಕ್ಕಿನ್ನೂ ಗೊತ್ತಿಲ್ಲ" ಎಂದರು. ಗರಗಸದ ಸದ್ದು ಶುರುವಾಗುವಷ್ಟರಲ್ಲಿ ಅವರು ಕಾರಿನೊಳಗೆ ಕುಳಿತು ಗಾಜು ಏರಿಸಿದ್ದರು.