ಗಂಜಿ ಲೆಕ್ಕಕ್ಕಿಲ್ಲ

ಸಕ್ಕರೆ ಇಳಿಯದೆ ಆಪರೇಶನ್ ಮಾಡುವುದಿಲ್ಲ ಎಂದು ಕಣ್ಣಿನ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಆಯಿಯ, ಅಂದರೆ ನನ್ನ ತಾಯಿಯ, ಬಲಗಣ್ಣಿನ ಪೊರೆ ಪೂರ್ತಿ ಬಲಿತಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಮಳೆ ಶುರುವಾಗುವ ಮೊದಲು ಮುಗಿಸಿಕೊಂಡರೆ ಸರಿ. ಇಲ್ಲದಿದ್ದರೆ ನಾಟಿ ಮುಗಿಯುವವರೆಗೆ ಕಾಯಬೇಕು. ಕದ್ವಾಡದಲ್ಲಿ ನಮ್ಮದು ಸಣ್ಣ ಗದ್ದೆ. ಆಪರೇಶನ್ ಆದ ಮೇಲೆ ಬಗ್ಗಬಾರದು, ಕೆಸರುನೀರು ಕಣ್ಣಿಗೆ ಸಿಡಿಯಬಾರದು. ನಾಟಿಯ ಹೊತ್ತಿಗೆ ಆಯಿಗೆ ಇದನ್ನೆಲ್ಲ ಹೇಳಬಹುದು, ಆದರೆ ಅವಳು ಕೇಳುವುದಿಲ್ಲ.

ಕಾಯಲು ನನಗೆ ಮನಸ್ಸಿರಲಿಲ್ಲ. ಯಾಕೆಂದರೆ ಆಗಲೇ ಆಯಿ ಮೀನಿನ ಮುಳ್ಳನ್ನು ಕಣ್ಣಿನಿಂದ ಹುಡುಕುವುದನ್ನು ಬಿಟ್ಟಿದ್ದಳು. ತಾರ್ಲೆ ಮೀನನ್ನು ಬೆರಳ ತುದಿಯಲ್ಲಿ ಒತ್ತಿ ಒತ್ತಿ ನೋಡಿ, ಒಂದೊಂದೇ ಎಳೆ ಬಿಡಿಸಿ, ಬಾಯಿಗಿಟ್ಟ ಮೇಲೂ ನಾಲಿಗೆಯಿಂದ ತಡಕಿ ನುಂಗುತ್ತಿದ್ದಳು. ಮೊದಲೆಲ್ಲ ಮಾತಾಡುತ್ತ ಮಾತಾಡುತ್ತಲೇ ಇಡೀ ಮೀನಿನ ಅಸ್ಥಿಪಂಜರವನ್ನು ತಟ್ಟೆಯ ಅಂಚಿಗೆ ಹಾಕಿಬಿಡುತ್ತಿದ್ದವಳು ಈಗ ಊಟದ ಹೊತ್ತಿಗೆ ಮಾತೇ ಆಡುತ್ತಿರಲಿಲ್ಲ.

ಹಾಗಾಗಿ ರಾತ್ರಿಯ ಅಡುಗೆಯನ್ನು ನಾನು ಕೈಗೆ ತೆಗೆದುಕೊಂಡೆ. ಯಾರೂ ಕೇಳಿಕೊಂಡದ್ದಲ್ಲ. ಸಂಜೆ ಕಾರವಾರದ ಕಚೇರಿಯಿಂದ ಬಸ್ಸಿಳಿದು ಬಂದವಳು ಕೈಕಾಲು ತೊಳೆದು ಸೀದಾ ಒಲೆಯ ಮುಂದೆ ನಿಲ್ಲುತ್ತಿದ್ದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗೆ ತಯಾರಾದ ಹಾಗೆಯೇ ಇದಕ್ಕೂ ತಯಾರಾದೆ. ಎದುರಾಳಿ ಏನು ಹೇಳಬಹುದು, ಅದಕ್ಕೆ ನನ್ನ ಉತ್ತರವೇನು, ಎಲ್ಲವೂ ಬಸ್ಸಿನಲ್ಲೇ ಸಿದ್ಧವಾಗುತ್ತಿತ್ತು. ಎದುರಾಳಿ ಅಂದರೆ ತೆಂಗಿನಕಾಯಿ. ನಮ್ಮ ಮನೆಯಲ್ಲಿ ಕಾಯಿ ಅರೆಯದ ಸಾರು ಕಾಯಿಲೆಯವರಿಗೆ ಮಾತ್ರ. ಆಯಿಯೂ ಕಾಯಿಲೆಯವಳೇ ಎಂದು ನಾನು ವಾದಿಸಿದೆ. ಅರ್ಧ ಕಡಿ ಕಾಯಿ ಬೀಳುತ್ತಿದ್ದ ಪದಾರ್ಥಕ್ಕೆ ಒಂದು ಹಿಡಿ, ಆಮೇಲೆ ಅರ್ಧ ಹಿಡಿ. ಅನ್ನ ಬಂದ್. ಒಂದು ನಾಚಣಿ, ಅಂದರೆ ರಾಗಿ ರೊಟ್ಟಿ, ಹೆಸರುಕಾಳು ಹಾಕಿದ ಬಸಳೆ, ಅಪ್ಪ ತಂದ ಮೀನಿನಲ್ಲಿ ಒಂದು. ಬಂಗಡೆಗೆ ಮೆಣಸು, ಅರಿಸಿನ, ಮುರುಗಲು ಹುಳಿ ಸವರಿ ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲಿಟ್ಟರೆ ಎಣ್ಣೆಯ ಹಂಗೇ ಇಲ್ಲ. ರುಚಿಯೂ ಇತ್ತು. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ. ಬೈತಖೋಲದ ಮೀನು ಬಂದರಿನಲ್ಲಿ ದಿನವಿಡೀ ಲೋಡಿಂಗ್ ಕೆಲಸ ಮಾಡಿ ಬರುವ ಅಪ್ಪನೂ ಒಪ್ಪಿದ್ದ. ಒಪ್ಪಿ, ಆಮೇಲೆ ತನ್ನ ಪಾಲಿನ ಅನ್ನ ಎಲ್ಲಿ ಎಂದು ಕೇಳಿದ್ದ.

ಆಯಿ ಏನೂ ಕೇಳುತ್ತಿರಲಿಲ್ಲ. ಹಾಕಿದ್ದನ್ನು ಉಂಡು ಏಳುತ್ತಿದ್ದಳು. ಅದನ್ನು ನಾನು ಗೆಲುವು ಎಂದುಕೊಂಡಿದ್ದೆ.

ವಿರೋಧವೆಲ್ಲ ಅಂಕೋಲೆಯಿಂದ ಬರುತ್ತಿತ್ತು. ಅಲ್ಲಿ ಆಯಿಯ ಅಕ್ಕ, ನನ್ನ ದೊಡ್ಡಾಯಿ, ಇದ್ದಾಳೆ. ಅವಳ ಫೋನಿಗೆ ದಿನಾ ಒಂದು ಮದ್ದು ಬಂದು ಬೀಳುತ್ತದೆ, ಬಿದ್ದದ್ದೆಲ್ಲ ನಮ್ಮ ಮನೆಗೆ ರವಾನೆಯಾಗುತ್ತದೆ. ಬೆಂಡೆಕಾಯಿ ನೆನೆಸಿದ ನೀರು, ಹಾಗಲಕಾಯಿ ರಸ, ಯಾವುದೋ ಮರದ ತೊಗಟೆ. ಇದರಿಂದ ಯಾರಿಗೆ ಗುಣವಾಗಿದೆ, ಅವರು ಡಾಕ್ಟರ ಮಾತ್ರೆ ಬಿಟ್ಟಿದ್ದರೋ ಇಲ್ಲವೋ ಎಂದು ನಾನು ಪ್ರತಿಸಲವೂ ಕೇಳುತ್ತಿದ್ದೆ, ಅವಳು ಪ್ರತಿಸಲವೂ ನೀನು ವಕೀಲನನ್ನೇ ಮದುವೆಯಾಗಬೇಕು, ಇಬ್ಬರೂ ಮನೆಯಲ್ಲೇ ಕೋರ್ಟು ನಡೆಸಬಹುದು ಎನ್ನುತ್ತಿದ್ದಳು. ಇಂಥ ದೊಡ್ಡಾಯಿಯೇ ಮೇ ತಿಂಗಳ ಮೊದಲಿಗೆ ಒಂದು ಬುಟ್ಟಿ ಇಶಾಡ ಮಾವಿನಹಣ್ಣು ಕಳಿಸಿದಳು. ಬುಟ್ಟಿ ಬಾಗಿಲು ದಾಟುವ ಮೊದಲೇ ಮನೆಯೆಲ್ಲ ಘಮಘಮ. ನಾನು ಅಲ್ಲೇ ಫೋನು ಹಚ್ಚಿ ಜಗಳ ತೆಗೆದೆ.

“ಹಣ್ಣು ದೇವ್ರು ಕೊಟ್ದು, ಸಕ್ರೆ ಅಂಗ್ಡಿವ ಕೊಟ್ದು,” ಎಂದಳು ದೊಡ್ಡಾಯಿ. “ಎರಡೂ ಒಂದೇಯೇನೆ?”

ವಿಷದ ಕಾಸರಕದ ಕಾಯಿಯನ್ನೂ ದೇವರೇ ಕೊಟ್ಟದ್ದು, ಅದನ್ನೇಕೆ ಯಾರೂ ಬುಟ್ಟಿಯಲ್ಲಿ ಕಳಿಸುವುದಿಲ್ಲ ಎಂದು ನಾನು ಕೇಳಿದೆ. ಫೋನು ಕಟ್ಟಾಯಿತು. ಹಣ್ಣುಗಳನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿಬಂದೆ. ಆಯಿ ಖಾಲಿ ಬುಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿ ಅಟ್ಟಕ್ಕೆ ಎಸೆದಳು.

ಇಷ್ಟೆಲ್ಲ ಆಗಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿರಲಿಲ್ಲ. ಮೊದಲಿಗಿಂತ ಒಂದಿಷ್ಟು ಏರಿತ್ತು.

ಸಕ್ಕರೆಗೆ ಮಾತ್ರೆ ಕೊಡುವ ಡಾಕ್ಟರು ಏನೇನು ಊಟ ಮಾಡುತ್ತೀರಿ ಎಂದು ಕೇಳಿದರು. ಆಯಿ ಸಮಾಧಾನದಿಂದ ಹೇಳಿದಳು: ಬೆಳಿಗ್ಗೆ ದೋಸೆ, ಸಕ್ಕರೆಯಿಲ್ಲದ ಚಾ, ಮಧ್ಯಾಹ್ನ ಸ್ವಲ್ಪವೇ ಅನ್ನ, ಮೀನು ಸಾರು, ರಾತ್ರಿ ಇವಳು ಮಾಡಿದ ರೊಟ್ಟಿ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ಡಾಕ್ಟರೂ ತಲೆಯಾಡಿಸಿದರು. ಇನ್ನು ಸ್ವಲ್ಪ ದಿನ ಬಿಟ್ಟು ಮತ್ತೆ ನೋಡುವ, ಅಷ್ಟರೊಳಗೆ ಇಳಿಯದಿದ್ದರೆ ಮಳೆಗಾಲ ಕಳೆಯಲಿ ಎಂದರು.

ಬಸ್ಸಿನಲ್ಲಿ ನಾನು ಪಾಟೀಸವಾಲು ಶುರು ಮಾಡಿದೆ. ಪಕ್ಕದ ಮನೆಯವರು ಮಾವಿನಹಣ್ಣು ವಾಪಸ್ ತಂದು ಕೊಟ್ಟರೇ? ಯಾರದಾದರೂ ಪೂಜೆಯ ಪಾಯಸ? ಅಂಗಡಿಯ ಬಿಸ್ಕೀಟು? ಆಯಿ ಕಿಟಕಿಯ ಕಡೆ ಮುಖ ಮಾಡಿ, ಇಲ್ಲ, ಇಲ್ಲ, ಇಲ್ಲ ಎನ್ನುತ್ತಲೇ ಬಂದಳು. ನನಗೆ ನಂಬಿಕೆ ಬರಲಿಲ್ಲ. ಆ ರಾತ್ರಿ ಅರ್ಧ ಹಿಡಿ ಕಾಯಿಯನ್ನೂ ತೆಗೆದೆ, ರೊಟ್ಟಿಯನ್ನು ಇನ್ನಷ್ಟು ತೆಳ್ಳಗೆ ತಟ್ಟಿದೆ. ನನಗೇ ಸರಿಯಾಗಿ ಉಣ್ಣಲಾಗಲಿಲ್ಲ. ಎಲ್ಲೋ ಒಂದು ತೂತಿದೆ, ಅದರಿಂದ ಎಲ್ಲ ಸೋರುತ್ತಿದೆ, ನನಗೆ ಮಾತ್ರ ಕಾಣುತ್ತಿಲ್ಲ ಎಂದು ಒಂದೇ ಸಮನೆ ಅನ್ನಿಸುತ್ತಿತ್ತು. ಕಚೇರಿಯಲ್ಲಿ ಕೂತರೂ ಮನಸ್ಸು ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿತ್ತು.

ತೂತು ಸಿಕ್ಕಿದ್ದು ನೆಗಡಿಯಿಂದ. ಮೂಗು ಕಟ್ಟಿ, ತಲೆ ಭಾರವಾಗಿ, ಒಂದು ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ. ಬೆಳಗಿನ ದೋಸೆಯಾಗಿ, ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಹಿತ್ತಿಲಲ್ಲಿ ಕಳೆ ಕೀಳುತ್ತಿದ್ದ ಆಯಿ ಒಳಗೆ ಬಂದು ಕೈ ತೊಳೆದಳು. ಒಲೆಯ ಮೂಲೆಯಲ್ಲಿದ್ದ ಪಾತ್ರೆಯ ತಟ್ಟೆ ಸರಿಸಿ, ಕುಚಲಕ್ಕಿ ಗಂಜಿಯನ್ನು ಎರಡು ಬಟ್ಟಲಿಗೆ ಬಗ್ಗಿಸಿ, ಉಪ್ಪು ಹಾಕಿ, ಅಂಚಿಗೊಂದು ಮಾವಿನ ಮಿಡಿ ಇಟ್ಟು, ಒಂದನ್ನು ನನ್ನ ಮುಂದೆ ನೂಕಿದಳು. ನೆಗಡಿಯ ಬಾಯಿಗೆ ಬಿಸಿ ಗಂಜಿ, ಉಪ್ಪಿನಕಾಯಿಯ ಖಾರ. ಗಂಟಲಿಳಿಯುವ ಮೊದಲೇ ಅರ್ಧ ನೆಗಡಿ ಹೋದ ಹಾಗಾಯಿತು. ನಮ್ಮ ಕಡೆ ಈ ಹೊತ್ತಿಗೆ ಯಾವ ಮನೆಗೆ ಹೋದರೂ ಇದೇ. ಗದ್ದೆಯಲ್ಲಿದ್ದವರು ಗದ್ದೆಯ ಬದುವಿನಲ್ಲಿ, ಮನೆಯಲ್ಲಿದ್ದವರು ಅಡುಗೆಮನೆಯಲ್ಲಿ. ಕೊಂಕಣಿ ಮಾತಾಡುವ ಪಕ್ಕದ ಮನೆಯವರು ಇದನ್ನೇ ಪೇಜ್ ಎನ್ನುತ್ತಾರೆ. ನಾನು ಇನ್ನೊಂದು ಬಟ್ಟಲಿಗೆ ಸವುಟು ಹಿಡಿದಾಗ ಪಾತ್ರೆ ಆಗಲೇ ತಳ ಕಂಡಿತ್ತು. ಆಯಿ ತನ್ನ ಬಟ್ಟಲನ್ನು ಮೂರನೇ ಸಲ ತುಂಬಿಕೊಂಡಿದ್ದಳು.

ಸವುಟು ಕೈಯಲ್ಲೇ ನಿಂತಿತು.

“ಆಯಿ, ಇದನ್ನ ಡಾಕ್ಟ್ರ ಹತ್ರ ಹೇಳಿದ್ಯಾ?”

“ಎಂತದ್ನ?”

“ಗಂಜಿ.”

“ಗಂಜಿ ಎಂತಕ್ಕೆ ಹೇಳೂದು ಮಗಾ? ಅವ್ರು ಊಟದ್ದು ಕೇಳಿದ್ರು.”

ಸುಳ್ಳು ಹೇಳುವ ಮುಖ ಅದಲ್ಲ. ಅವಳು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಡಾಕ್ಟರ ಎದುರು ನಾನೂ ಅದನ್ನು ಬಿಟ್ಟೇ ತಲೆಯಾಡಿಸಿದ್ದೆ. ಭಾನುವಾರ ಭಾನುವಾರ ನಾನೂ ಅವಳ ಜೊತೆ ಕುಡಿದವಳೇ, ಒಮ್ಮೆಯೂ ಹೊಳೆದಿರಲಿಲ್ಲ. ಗಂಜಿ ಅಂದರೆ ದಣಿವು, ಬಾಯಾರಿಕೆ, ನೆರಳು. ಅದನ್ನು ಯಾರು ಊಟದ ಸಾಲಿಗೆ ಸೇರಿಸುತ್ತಾರೆ? ಆದರೆ ಅಕ್ಕಿಗೆ ಇದೇನೂ ಗೊತ್ತಿಲ್ಲವಲ್ಲ. ಮಧ್ಯಾಹ್ನ ತಟ್ಟೆಯಲ್ಲಿ ಕಡಿಮೆ ಮಾಡಿದ ಅಕ್ಕಿಯೇ ಇದು, ಇನ್ನೂ ಮೆತ್ತಗೆ ಬೆಂದು ಬಟ್ಟಲಿಗೆ ಬಂದಿದೆ ಅಷ್ಟೇ, ಎಂದು ನಾನು ವಾದ ಹೂಡಿದೆ. ಮೊದಲನೆಯದಾಗಿ, ಎರಡನೆಯದಾಗಿ ಎನ್ನುತ್ತ ಬೆರಳು ಮಡಚಿದೆ. ಆಯಿ ಕೇಳಿಸಿಕೊಂಡಳು. ಬಟ್ಟಲಿನ ತಳದ ಅಗುಳನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟಳು.

“ಮೊದ್ಲೆಲ್ಲ ಒಂದೇ ಬಟ್ಲು ಕುಡೀತಿದ್ದೆ,” ಎಂದಳು. “ನೀ ರಾತ್ರಿ ಅಡ್ಗೆ ಹಿಡ್ದ ಮೇಲೆ ಅದು ಸಾಲೂದಿಲ್ಲ.”

“ಹಸಿವಾತದೆ ಅಂತ ಹೇಳ್ಬೇಕಿತ್ತು.”

“ನಿನ್ನ ಹತ್ರವಾ? ಹೇಳಿದ್ರೆ ನೀ ಗೆಲ್ತಿ.”

ಇದಕ್ಕೆ ಉತ್ತರಗಳಿದ್ದವು. ನನ್ನ ಹತ್ತಿರ ಯಾವಾಗಲೂ ಇರುತ್ತವೆ. ಎದ್ದು ಹೋಗಿ ಸವುಟು ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಅಂದಿನಿಂದ ರಾತ್ರಿಯ ಅಡುಗೆ ಬದಲಾಯಿತು. ರೊಟ್ಟಿ ಎರಡಾಯಿತು. ಮೀನು ಎಷ್ಟು ಬೇಕೋ ಅಷ್ಟು. ಬಸಳೆಯೋ ಹರಿವೆಯೋ ಇಡೀ ಪಾತ್ರೆ. ಕಾಯಿ ಒಂದು ಹಿಡಿಗೆ ವಾಪಸ್ ಬಂತು. ಹತ್ತು ಗಂಟೆಯ ಗಂಜಿಯನ್ನು ನಾನು ನಿಲ್ಲಿಸಲಿಲ್ಲ, ನಿಲ್ಲುವುದೂ ಇರಲಿಲ್ಲ. ಒಂದು ಸಣ್ಣ ಬಟ್ಟಲು, ಅದರಲ್ಲಿ ಅಗುಳಿಗಿಂತ ಹೆಸರುಕಾಳೇ ಹೆಚ್ಚು. ಆಯಿ ತಟ್ಟೆ ಬಿಟ್ಟು ಏಳುವ ಮುಂಚೆ ಹೊಟ್ಟೆ ತುಂಬಿತಾ ಎಂದು ಕೇಳುವುದನ್ನು ಕಲಿತೆ. ಇಲ್ಲ ಎಂದರೆ ಯಾಕೆ ಇಲ್ಲ ಎಂದು ಕೇಳದಿರುವುದನ್ನು ಕಲಿಯಲು ಇನ್ನಷ್ಟು ದಿನ ಬೇಕಾಯಿತು. ಮತ್ತೆ ಡಾಕ್ಟರ ಹತ್ತಿರ ಹೋದಾಗ ನಾನು ಬಾಯಿ ತೆರೆಯುವ ಮೊದಲೇ ಆಯಿ ಗಂಜಿಯ ಸಂಗತಿ ಹೇಳಿಬಿಟ್ಟಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಅಯ್ಯೋ, ಅದನ್ನು ನಾನೇ ಕೇಳಬೇಕಿತ್ತು, ನಮ್ಮ ಮನೆಯಲ್ಲೂ ಅದೇ ಎಂದರು. ಮಾತ್ರೆಯನ್ನೂ ಸ್ವಲ್ಪ ಬದಲಾಯಿಸಿದರು.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿಯಿತು. ಆಪರೇಶನ್ನಿಗೆ ದಿನ ಸಿಕ್ಕಿತು. ಗಂಜಿ ಕಡಿಮೆಯಾದದ್ದಕ್ಕೋ, ಮಾತ್ರೆ ಬದಲಾದದ್ದಕ್ಕೋ, ಹೊಟ್ಟೆ ತುಂಬಿ ನಿದ್ದೆ ಬಂದದ್ದಕ್ಕೋ, ನಾನು ಯಾವುದರ ಪರವಾಗಿಯೂ ವಾದಿಸಲಾರೆ. ದೊಡ್ಡಾಯಿಗೆ ಆ ತಾಪತ್ರಯವಿಲ್ಲ. ಹಾಗಲಕಾಯಿ ರಸದಿಂದಲೇ ಎಂದು ಅಂಕೋಲೆಯಲ್ಲೆಲ್ಲ ಹೇಳಿಕೊಂಡು ಬಂದಳಂತೆ. ಅವಳು ಬಾಟಲಿಯಲ್ಲಿ ಕಳಿಸುತ್ತಿದ್ದ ಆ ರಸವನ್ನು ಆಯಿ ಒಂದು ತೊಟ್ಟೂ ಕುಡಿದಿರಲಿಲ್ಲ, ಬಸಳೆಯ ಬುಡಕ್ಕೆ ಸುರಿಯುತ್ತಿದ್ದಳು.

ಪಟ್ಟಿ ಬಿಚ್ಚಿದ ಮರುದಿನದ ಊಟಕ್ಕೆ ತಾರ್ಲೆ ಇತ್ತು. ಬೋಟುಗಳು ದಡ ಸೇರುವ ಹೊತ್ತು, ಇನ್ನು ಮಳೆ ಮುಗಿಯುವವರೆಗೆ ಇಂಥದ್ದು ಸಿಗಲಿಕ್ಕಿಲ್ಲ ಎಂದು ಅಪ್ಪ ಹೆಚ್ಚೇ ತಂದಿದ್ದ. ಹೊರಗೆ ಮೋಡ ಕಟ್ಟಿ ಸೆಕೆ ಕುದಿಯುತ್ತಿತ್ತು. ಆಯಿ ಕಪ್ಪು ಕನ್ನಡಕ ತೆಗೆದಿಟ್ಟು ತಟ್ಟೆಯ ಮೇಲೆ ಬಗ್ಗಿದಳು. ಬಗ್ಗಬೇಡ ಎಂದೆ. ತಟ್ಟೆಯನ್ನೇ ಎತ್ತಿ ಮುಖದ ಹತ್ತಿರ ತಂದಳು. ರೊಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಬಲ್ಬಿನ ಕಡೆ ಎತ್ತಿದಳು.

“ಇಷ್ಟೇ ಬಡಿಸ್ತಿದ್ಯೇನೆ ನೀ? ಇದ್ರಾಚೆ ದೀಪ ಕಾಣ್ತದೆ.”

ಅಪ್ಪನಿಗೆ ನಗು ತಡೆಯಲಾಗದೆ ನೆತ್ತಿಗೇರಿತು. ಈಗ ರೊಟ್ಟಿ ಎರಡಿವೆ, ಮೊದಲು ಒಂದೇ ಇತ್ತು ಎಂದು ನಾನು ಸಮರ್ಥಿಸಿಕೊಂಡೆ. ಅದು ಇನ್ನೂ ದೊಡ್ಡ ಅಪರಾಧವಾಯಿತು. ಎಡಗಣ್ಣು ಇನ್ನೂ ಬಾಕಿಯಿದೆ, ಮಳೆ ಕಳೆದ ಮೇಲೆ ಅದಕ್ಕೂ ಇದೇ ಡಾಕ್ಟರು, ಇದೇ ಪರೀಕ್ಷೆ ಎಂದೆ.

“ಅದ್ಕೆ ನಾ ಅನ್ನ ಕೇಳಿದ್ನಾ?” ಎಂದಳು ಆಯಿ, ನನ್ನ ಮುಖ ನೋಡಿಕೊಂಡೇ. ಎಷ್ಟೋ ತಿಂಗಳಿಂದ ನನ್ನ ಕಿವಿಯ ಹತ್ತಿರ ಎಲ್ಲೋ ನೋಡಿ ಮಾತಾಡುತ್ತಿದ್ದವಳು. ಒಂದು ತಾರ್ಲೆಯ ಬೆನ್ನು ಸೀಳಿ, ಮುಳ್ಳಿನ ಸಾಲನ್ನು ಇಡಿಯಾಗಿ ಎಳೆದು ತಟ್ಟೆಯ ಅಂಚಿಗೆ ಹಾಕಿದಳು. “ಇನ್ನೆರಡು ತಾರ್ಲೆ ಹಾಕು.”

ತಾರ್ಲೆಯ ವಿರುದ್ಧ ನನ್ನ ಹತ್ತಿರ ಯಾವ ವಾದವೂ ಇರಲಿಲ್ಲ. ಹಾಕಿದೆ.