ಮಲ್ಲಿಗೆ ಹಿಡಿಯದ ಕೈ

ಲಾಕ್‌ಡೌನಿನ ವಸಂತದಲ್ಲಿ ಮಗಳ ಶಾಲೆಯಿಂದ ಒಂದು ಹೋಂವರ್ಕ್ ಬಂತು: ನಿಮ್ಮ ಮನೆತನದ ಲಾಂಛನ ಬರೆದು, ನಾಳೆ ಕ್ಯಾಮೆರಾ ಮುಂದೆ ಅದರ ಅರ್ಥ ಹೇಳಿ. ಐರ್ಲೆಂಡಿನಲ್ಲಿ ಅಡ್ಡಹೆಸರು ಕೇಳಿದರೆ ಸಾಕು, ಆ ಮನೆತನದ ಗುರುತಿರುವ ಒಂದು ಗುರಾಣಿಯ ಚಿತ್ರ ತೋರಿಸುತ್ತಾರೆ. ಅವಳ ಒಬ್ಬ ಗೆಳತಿಯ ಮನೆಯದರಲ್ಲಿ ಕೆಂಪು ಕೈ, ಇನ್ನೊಬ್ಬಳದರಲ್ಲಿ ಮೂರು ಲಿಲಿ ಹೂ. ಕೈ ಎಂದರೆ ಧೈರ್ಯ, ಹೂ ಎಂದರೆ ಶುದ್ಧ ಮನಸ್ಸು ಎಂದು ಟೀಚರ್ ಹೇಳಿದ್ದರಂತೆ. ನಮಗೆ ಅಂಥದ್ದೇನೂ ಇಲ್ಲ ಎಂದೆ ನಾನು. ಎಲ್ಲರಿಗೂ ಇದೆ, ನಮಗೆ ಮಾತ್ರ ಯಾಕಿಲ್ಲ ಎಂದು ಇಂಗ್ಲಿಷಿನಲ್ಲಿ ಗೊಣಗಿ ಅವಳು ಮುಖ ಊದಿಸಿಕೊಂಡಳು.

ಸೋಫಾದ ಮೇಲಿಂದ ಅತ್ತೆ ತಲೆಯೆತ್ತಿದರು. ಮೂರು ತಿಂಗಳಿಗೆಂದು ಊರಿನಿಂದ ಬಂದವರು ವಿಮಾನ ನಿಂತು ಐರ್ಲೆಂಡಿನ ನೇಸ್ ಪಟ್ಟಣದ ನಮ್ಮ ಮನೆಯಲ್ಲೇ ಉಳಿದಿದ್ದರು. "ಇಲ್ಲ ಅಂತ ಯಾರಂದೋರು? ನಮ್ದು ಮಲ್ಲಿಗೆ ಬೆಡಗು."

ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಮೊದಲು ವಿಚಾರಿಸುವುದೇ ಬೆಡಗನ್ನು, ಅಂದರೆ ಕುಲದ ಗುರುತನ್ನು. ಒಂದೇ ಬೆಡಗಿನವರು ಅಣ್ಣ ತಂಗಿಯರು, ಸಂಬಂಧ ಕೂಡುವುದಿಲ್ಲ. ಬೆಡಗಿನ ಹೂವನ್ನು ಆ ಮನೆಯವರು ಕೀಳುವಂತಿಲ್ಲ, ಮುಡಿಯುವಂತಿಲ್ಲ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನನ್ನ ಜಡೆ ಮಲ್ಲಿಗೆ ಕಂಡಿಲ್ಲ. ಆ ಸಿಟ್ಟಿಗೇ ಇರಬೇಕು, ಬೆಡಗು ನನ್ನ ನೆನಪಿಗೆ ಬಂದಿರಲಿಲ್ಲ.

ಮಗಳ ಮುಖ ಅರಳಿತು. ಹೂ ಸಿಕ್ಕಿತು, ಇನ್ನು ಕೈ ಬೇಕು, ಅದೂ ಅಪ್ಪನ ಕೈಯೇ ಆಗಬೇಕು. ನನ್ನ ಗಂಡ ಡಾಕ್ಟರು. ಕೋವಿಡ್ ವಾರ್ಡಿನ ಡ್ಯೂಟಿಗೆ ಹಾಕಿದ ಮೇಲೆ, ನಮಗೆ ಸೋಂಕು ತಾಗಬಾರದೆಂದು ಅವರು ಹಿತ್ತಲ ಕಡೆಯ ಪುಟ್ಟ ರೂಮಿನಲ್ಲೇ ಇರುತ್ತಿದ್ದರು, ಊಟದ ತಟ್ಟೆ ಬಾಗಿಲ ಹೊರಗೆ. ಮಗಳು ಅವರ ಹೆಗಲೇರಿ ಎಷ್ಟೋ ವಾರಗಳಾಗಿದ್ದವು. ಅವಳು ಹಿತ್ತಲಿಗೆ ಹೋಗಿ ಕಿಟಕಿ ತಟ್ಟಿ, ಒಳಗೆ ದೀಪ ಹಾಕಿಸಿದಳು. ಅವರು ಒಳಗಿನಿಂದ ಗಾಜಿಗೆ ಅಂಗೈ ಒತ್ತಿದರು. ಅವಳು ಹೊರಗಿನಿಂದ ತೆಳು ಹಾಳೆ ಇಟ್ಟು ಬೆರಳುಗಳ ಸುತ್ತ ಗೆರೆ ಎಳೆದಳು. ಮುಗಿದ ಮೇಲೂ ಅದೇ ಗೆರೆಯ ಮೇಲೆ ಮತ್ತೆ ಪೆನ್ಸಿಲ್ ಆಡಿಸುತ್ತಾ ನಿಂತಿದ್ದಳು. ಅವರೂ ಕೈ ತೆಗೆಯಲಿಲ್ಲ.

ಒಳಗೆ ಬಂದು ಆ ಬೆರಳುಗಳ ನಡುವೆ ಒಂದು ಮಲ್ಲಿಗೆ ಬರೆದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, ಹಿಡಿದಿರುವ ಹಾಗೆ ಬರೆಯಬಾರದು ಎಂದರು. ಮಗುವಿನ ಚಿತ್ರಕ್ಕೂ ನಿಮ್ಮ ಶಾಸ್ತ್ರವೇ ಎಂದು ನಾನು ರೇಗಿದೆ. ಅತ್ತೆ ನನ್ನತ್ತ ನೋಡಲೇ ಇಲ್ಲ.

"ನಮ್ದು ಅಂದ್ಮೇಲೆ ಅದಕ್ಕೆ ನಮ್ ಕೈಯಿಂದ ನೋವಾಗ್ಬಾರ್ದು, ಪುಟ್ಟಿ. ಅದಕ್ಕೇ ಮುಟ್ಟಲ್ಲ."

ಮಗಳು ಹಿತ್ತಲ ರೂಮಿನ ಕಡೆ ಒಮ್ಮೆ ನೋಡಿದಳು. ಆಮೇಲೆ ರಬ್ಬರಿನಿಂದ ಹೂವನ್ನು ಅಳಿಸಿ, ಬೆರಳ ತುದಿಗಳಿಂದ ಒಂದಿಷ್ಟು ಮೇಲೆ ಬರೆದಳು.

ಮರುದಿನ ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ನಿಂತು ಹಾಳೆ ಎತ್ತಿ ಹಿಡಿದಳು. ಕೈಗೆ ಹೂ ಯಾಕೆ ಎಟುಕಿಲ್ಲ ಎಂದು ಟೀಚರ್ ಕೇಳಿದರು. ಅವಳು ತನ್ನ ಐರಿಶ್ ಧಾಟಿಯಲ್ಲಿ ಪಟಪಟನೆ ಉತ್ತರ ಹೇಳಿದಳು. ಟೀಚರ್, ಗ್ರ್ಯಾಂಡ್, ತುಂಬಾ ಗ್ರ್ಯಾಂಡ್ ಎಂದರು.

ಏನಂದಳು ಎಂದು ಅತ್ತೆ ನನ್ನನ್ನು ಕೇಳಿದರು. ನಮ್ಮ ಹೂವನ್ನು ನಾವು ಮುಟ್ಟುವುದಿಲ್ಲ ಅಂದಳು ಎಂದೆ. ಮುಂದಿನದನ್ನು ನಾನು ಹೇಳುವಷ್ಟರಲ್ಲಿ, ಮನೆಯಲ್ಲಿ ಎಂದೂ ಕನ್ನಡದಲ್ಲಿ ಉತ್ತರಿಸದ ಮಗಳು ಅಜ್ಜಿಯ ಕಡೆ ತಿರುಗಿದಳು.

"ಅಪ್ಪಂಗೆ ನಾನು ಮಲ್ಲಿಗೆ, ಅಜ್ಜಿ."