ಯಾಯ್ ಮಡಿಲಲ್ಲಿ ಅತ್ತೆ ಕಾಲು

ಕಳೆದ ಶನಿವಾರ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ಒಂದು ಮನೆಯ ಹಾಲ್‌ನಲ್ಲಿ, ಎರಡೂ ಕಡೆಯ ನೆಂಟರ ಎದುರು, ನಮ್ಮ ಅತ್ತೆಯ ಬಲಗಾಲು ಹೋಗಬಾರದ ಕಡೆ ಹೋಗಿಬಿಟ್ಟಿತು. ನೆಟ್ಟಗೆ. ಅಂಗಾಲು ಮುಂದೆ ಮಾಡಿಕೊಂಡು. ಬೀಗರ ಮನೆಯ ಅತಿ ಹಿರಿಯ ಜೀವದ ಮುಖಕ್ಕೇ ಗುರಿಯಿಟ್ಟ ಹಾಗೆ.

ಅಷ್ಟೇ ತಾನೆ, ಅದಕ್ಯಾಕೆ ಇಷ್ಟು ಗಲಾಟೆ ಅಂತೀರಾ? ಬೀಗರು ಥಾಯ್ ಜನ ಸ್ವಾಮಿ! ಅವರಲ್ಲಿ ಹಿರಿಯರತ್ತ ಅಂಗಾಲು ಚಾಚುವುದೆಂದರೆ ಬಾಯಿ ಬಿಡದೆ ಬೈದಂತೆ.

ತಡೀರಿ, ಮೊದಲಿಂದ ಹೇಳುತ್ತೇನೆ. ವಾರ ಕಳೆದರೂ ನನ್ನ ಎದೆಬಡಿತ ಇನ್ನೂ ತಹಬಂದಿಗೆ ಬಂದಿಲ್ಲ.

ನನ್ನ ಮೈದುನ ನವೀನ ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ ತಯಾರಿಸುವ ಕಡೆ ಕೆಲಸ ಮಾಡುತ್ತಾನೆ. ಅವನು ಮೆಚ್ಚಿದ ಹುಡುಗಿ ಪ್ಲೋಯ್. ಹುಟ್ಟಿದ್ದು ಥಾಯ್ಲೆಂಡಿನ ಈಶಾನ್ಯದ ಒಂದು ಹಳ್ಳಿಯಲ್ಲಿ, ಬೆಳೆದದ್ದು ಇಲ್ಲೇ. ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಟೀಚರ್. (ಪ್ಲೋಯ್ ಅನ್ನುವುದು ಮನೆ ಹೆಸರು. ಪಾಸ್‌ಪೋರ್ಟಿನ ಹೆಸರು ಓದಲು ಒಂದು ಉಸಿರು ಸಾಲದು. ಅಲ್ಲಿ ಎಲ್ಲರಿಗೂ ಹೀಗೊಂದು ಪುಟಾಣಿ ಹೆಸರು ಇರುತ್ತದಂತೆ. ನಮ್ಮ ಪುಟ್ಟಿ, ಚಿನ್ನಿ, ಬೇಬಿಯರ ಹಾಗೆ.)

ದಾವಣಗೆರೆಯಲ್ಲಿದ್ದ ಅತ್ತೆಗೆ ಸುದ್ದಿ ಮುಟ್ಟಿಸಿದಾಗ ನಾವೆಲ್ಲ ಭೂಕಂಪಕ್ಕೆ ತಯಾರಾಗಿದ್ದೆವು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿಗೆ ಅಜ್ಜಿ ಅದಾರೇನಪ್ಪ?"

ಇದ್ದರು. ಇರುವುದೇನು, ಮನೆಯ ಹೈಕಮಾಂಡೇ ಅವರು! ತಾಯಿಯ ತಾಯಿಗೆ ಥಾಯ್ ಭಾಷೆಯಲ್ಲಿ ‘ಯಾಯ್’ ಅನ್ನುತ್ತಾರೆ. ಈ ಬೇಸಿಗೆಗೆ ಯಾಯ್ ತಮ್ಮ ಹಳ್ಳಿಯಿಂದ ಮಗಳ ಮನೆಗೆ ಬಂದಿದ್ದರು. ನಮ್ಮ ಅತ್ತೆಯೂ ಆ ಹೊತ್ತಿಗೆ ದಾವಣಗೆರೆಯಿಂದ ನಾರ್‌ಶೋಪಿಂಗ್‌ನ ನಮ್ಮ ಮನೆಗೆ ಬಂದಿದ್ದರು. ಯಾಯ್ ಹೇಳಿ ಕಳಿಸಿದರು: "ಹುಡುಗನನ್ನು ನೋಡಿ ಆಯಿತು. ಅವನನ್ನು ಹೆತ್ತವಳನ್ನು ನೋಡಿದ ಮೇಲೆ ನನ್ನ ಮಾತು."

ನವೀನ ಫೋನ್‌ನಲ್ಲಿ ಹೇಳಿದ: "ಅತ್ತಿಗೆ, ಎಲ್ಲಾ ನಿಮ್ ಕೈಲಿದೆ. ಅಮ್ಮನಿಗೆ ಸ್ವಲ್ಪ ಟ್ರೇನಿಂಗ್ ಕೊಡಿ. ಪ್ಲೀಸ್!"

ಶುರುವಾಯಿತು ನೋಡಿ ಕ್ಲಾಸು. ಪ್ಲೋಯ್ ವಾಯ್ಸ್ ಮೆಸೇಜ್ ಕಳಿಸುವುದು, ನಾನು ಕನ್ನಡದಲ್ಲಿ ಪಾಠ ಮಾಡುವುದು.

ಚಪ್ಪಲಿ ಹೊರಗೆ ಬಿಡಬೇಕು. "ಮತ್ತೆ ಒಳಗೆ ಹಾಕ್ಕೊಂಡು ಹೋಗ್ತಾರೇನು?" ಎಂದರು ಅತ್ತೆ.

ಹೊಸಿಲು ತುಳಿಯಬಾರದು. "ಅದು ಗೊತ್ತಿಲ್ಲೇನು ನಂಗೆ?"

ಕೈ ಮುಗಿದು ‘ಸವಾದೀ ಖಾ’ ಅನ್ನಬೇಕು. ಹೆಂಗಸರು ಏನು ಹೇಳಿದರೂ ಕೊನೆಗೊಂದು ಖಾ ಸೇರಿಸಿದರೆ ಮರ್ಯಾದೆ. "ಓ, ನಮ್ಮ ‘ರೀ’ ಇದ್ದಂಗೆ ಅನ್ನು!"

ಅತ್ತೆಗೆ ಹುರುಪೋ ಹುರುಪು. ಸ್ವೀಡನ್‌ಗೆ ಬಂದಾಗಿನಿಂದ ಪಾಪ, ಅವರಿಗೆ ಮರ್ಯಾದೆಯ ಲೆಕ್ಕವೇ ಹತ್ತಿರಲಿಲ್ಲ. ಇಲ್ಲಿ ಬಾಸ್‌ಗೂ ‘ದು’, ಅಂದರೆ ‘ನೀನು’, ಡಾಕ್ಟರಿಗೂ ‘ದು’, ತೊಂಬತ್ತರ ಅಜ್ಜನಿಗೂ ‘ದು’. ನನ್ನ ಮಗಳು ಅನ್ವಿ ಇಲ್ಲೇ ಬೆಳೆದವಳು. ಕನ್ನಡದಲ್ಲೂ ಎಲ್ಲರಿಗೂ ‘ನೀನು’! ಥಾಯ್ ಜನರಾದರೋ ತರಕಾರಿ ಮಾರುವವರನ್ನೂ ಅಕ್ಕ, ತಂಗಿ, ಅತ್ತೆ ಎಂದೇ ಕರೆಯುತ್ತಾರಂತೆ. ಪ್ಲೋಯ್ ನನ್ನನ್ನು ‘ಪೀ ಸುಮಾ’ ಅನ್ನುತ್ತಾಳೆ. ಪೀ ಎಂದರೆ ಅಕ್ಕ. ಅದನ್ನು ಕೇಳಿದ ದಿನವೇ ಅತ್ತೆ ಹುಡುಗಿಗೆ ಪೂರ್ತಿ ಮಾರ್ಕ್ಸ್ ಕೊಟ್ಟುಬಿಟ್ಟಿದ್ದರು.

ಕಷ್ಟ ಬಂದದ್ದು ತಲೆ ಮತ್ತು ಕಾಲಿನ ಅಧ್ಯಾಯದಲ್ಲಿ.

ಥಾಯ್ ಜನರಿಗೆ ತಲೆ ದೇಹದ ಅತಿ ಪವಿತ್ರ ಭಾಗ. ಯಾರ ತಲೆಯನ್ನೂ ಮುಟ್ಟಬಾರದು. ಹಿರಿಯರ ತಲೆಯಂತೂ ಮುಟ್ಟಲೇಬಾರದು. ಕಾಲು ಅತಿ ಕೀಳು ಭಾಗ. ಯಾರತ್ತಲೂ, ಬುದ್ಧನ ಮೂರ್ತಿಯತ್ತಲೂ ಅಂಗಾಲು ತೋರಿಸಬಾರದು. ಹಿರಿಯರು ನೆಲದಲ್ಲಿ ಕೂತಿದ್ದರೆ ನಾವು ಅವರಿಗಿಂತ ಎತ್ತರದಲ್ಲಿ ಕೂರಬಾರದು. ಜೋರಾಗಿ ಮಾತಾಡಬಾರದು. ಬೆರಳು ಮಾಡಿ ತೋರಿಸಬಾರದು.

"ತಲೆ ಮುಟ್ಟಬಾರದು, ಕಾಲು ಚಾಚಬಾರದು, ಜೋರಾಗಿ ಮಾತಾಡಬಾರದು..." ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಅತ್ತೆ ಸ್ತೋತ್ರದ ಹಾಗೆ ಹೇಳಿಕೊಳ್ಳುತ್ತ ಬಂದರು. ವ್ಯಾನರ್ನ್ ಸರೋವರ ಕಂಡಾಗ ನನ್ನ ಗಂಡ ಗಿರೀಶ, "ಅಮ್ಮ, ನೋಡು ಎಷ್ಟು ನೀರು!" ಎಂದ. ಅತ್ತೆ ಕಣ್ಣು ಕೂಡ ತೆರೆಯಲಿಲ್ಲ.

ಎಂಟ್ರಿ ಮಾತ್ರ ಸೂಪರ್! ಅತ್ತೆ ಚಪ್ಪಲಿ ಬಿಟ್ಟರು, ಹೊಸಿಲು ದಾಟಿದರು, ಕೈ ಮುಗಿದು ತಲೆ ಬಾಗಿಸಿ "ಸವಾದೀ ಖಾ" ಎಂದರು. ಯಾಯ್ ಮುಖ ಅರಳಿತು. ಬೆಳ್ಳನೆಯ ಗಿಡ್ಡ ಕೂದಲು, ಕಂದು ರೇಷ್ಮೆಯ ಲುಂಗಿಯಂಥ ಉಡುಗೆ, ಕಡ್ಡಿಯಂಥ ಮೈ. ನಮ್ಮ ಕಡೆಯ ಯಾವುದೋ ಅಜ್ಜಿಯನ್ನೇ ತಂದು ಕೂರಿಸಿದ ಹಾಗಿದ್ದರು.

ಯಾಯ್ ಚಾಪೆಯ ಮೇಲೆ ಕೂತರು. ಅತ್ತೆಗೆ ಪ್ಲೋಯ್ ಕುರ್ಚಿ ತಂದಿಟ್ಟಳು.

"ಬ್ಯಾಡ," ಎಂದರು ಅತ್ತೆ. "ಹಿರೇರು ಕೆಳಗೆ ಕೂತಾರೆ."

"ಅತ್ತೆ, ನಿಮ್ಮ ಮಂಡಿ..."

"ಇರ್ಲಿ ಬಿಡು!"

ಕೂತರು. ಎರಡೂ ಕಾಲು ಹಿಂದಕ್ಕೆ ಮಡಚಿ, ಒಂದು ಪಕ್ಕಕ್ಕೆ ವಾಲಿ, ಥೇಟ್ ಪ್ಲೋಯ್ ವಿಡಿಯೋದಲ್ಲಿ ತೋರಿಸಿದಂತೆ. ಅವರ ಮಂಡಿಗಳು ಹಾಗೆ ಮಡಚಿ ಎಷ್ಟು ವರ್ಷವಾಗಿತ್ತೋ!

ಊಟ ಬಂತು. ಬಿದಿರಿನ ಬುಟ್ಟಿಯಲ್ಲಿ ಅಂಟಂಟು ಅನ್ನ. ಅದನ್ನು ಕೈಯಲ್ಲೇ ಉಂಡೆ ಮಾಡಿ ತಿನ್ನಬೇಕು. ಅತ್ತೆ ಸಸ್ಯಾಹಾರಿ ಎಂದು ಯಾಯ್ ತಾವೇ ಕಲ್ಲಿನ ಒರಳಲ್ಲಿ ಪರಂಗಿಕಾಯಿ ಕುಟ್ಟಿ, ಮೀನಿನ ಸಾಸ್ ಬದಲು ಹುಣಸೆಹುಳಿ ಮತ್ತು ಉಪ್ಪು ಹಾಕಿ ಬೇರೆ ಮಾಡಿದ್ದರು. ಎಂಥ ಖಾರ, ಎಂಥ ರುಚಿ! ಬೇರೆ ದಿನವಾಗಿದ್ದರೆ ಅತ್ತೆ ಒರಳಿನ ಪಕ್ಕವೇ ಕೂತು ರೆಸಿಪಿ ಕೇಳುತ್ತಿದ್ದರು.

ಆದರೆ ಅತ್ತೆ ಕಲ್ಲಾಗಿದ್ದರು. ಮಾತಾಡಿದರೆ ಜೋರಾದೀತು ಎಂದು ಮಾತಿಲ್ಲ. ಕೈ ಎಲ್ಲಿಗಾದರೂ ತಗುಲೀತು ಎಂದು ಎಡಗೈ ಮಡಿಲು ಬಿಟ್ಟು ಕದಲಲಿಲ್ಲ. ಮಂಡಿ ನೋವಿಗೆ ಹುಬ್ಬು ಗಂಟಾಗಿತ್ತು. ಸಾವಿನ ಮನೆಯಲ್ಲಿ ಊಟ ಮಾಡುವವರಂತೆ ತುತ್ತು ನುಂಗುತ್ತಿದ್ದರು. (ಆ ಮನೆಯಲ್ಲಿ ಥಾಯ್ ನಿಯಮ ಒಂದನ್ನೂ ತಪ್ಪದೆ ಆರಾಮವಾಗಿ ಕೂತಿದ್ದವರು ಒಬ್ಬರೇ. ಪ್ಲೋಯ್‌ಳ ಮಲತಂದೆ, ಅಪ್ಪಟ ಸ್ವೀಡಿಷ್. ಜೋರಾಗಿ ಮಾತಾಡದಿರುವುದು ಅವರಿಗೆ ಹುಟ್ಟಿನಿಂದಲೇ ಬಂದದ್ದು!)

ಯಾಯ್ ಮುಖದ ನಗು ನಿಧಾನಕ್ಕೆ ಆರಿತು. ಪಕ್ಕದಲ್ಲಿದ್ದ ಮಗಳತ್ತ, ಅಂದರೆ ಪ್ಲೋಯ್‌ಳ ಅಮ್ಮನತ್ತ, ಬಾಗಿ ಏನೋ ಕೇಳಿದರು. ಪ್ಲೋಯ್ ನನ್ನ ಕಿವಿಯ ಬಳಿ ಬಂದಳು. "ಪೀ ಸುಮಾ, ನವೀನನ ಅಮ್ಮನಿಗೆ ನಾವು ಇಷ್ಟ ಆಗಲಿಲ್ವಾ ಅಂತ ಯಾಯ್ ಕೇಳ್ತಿದ್ದಾರೆ," ಎಂದು ಸ್ವೀಡಿಷ್‌ನಲ್ಲಿ ಪಿಸುಗುಟ್ಟಿದಳು.

ನನಗೆ ಬೆವರು! ತಪ್ಪು ಮಾಡಬಾರದೆಂದು ನಾವು ಎಷ್ಟು ಪಾಠ ಮಾಡಿದ್ದೆವೆಂದರೆ, ಅತ್ತೆ ಎಂಬ ಮನುಷ್ಯರನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದೆವು.

ಆಗಲೇ ಅದು ನಡೆದದ್ದು. "ಅಯ್ಯಯ್ಯಪ್ಪೋ!" ಎಂದು ಅತ್ತೆ ಕಿರುಚಿದರು. ಮೀನಖಂಡ ಹಿಡಿದುಕೊಂಡಿತ್ತು. ಕಾಲು ತಾನಾಗಿಯೇ ಸೆಟೆದು ನೆಟ್ಟಗಾಗಿ ಅನ್ನದ ಬುಟ್ಟಿಯನ್ನು ಉರುಳಿಸಿ ಯಾಯ್ ಎದುರು ಹೋಗಿ ನಿಂತಿತು. ಅಂಗಾಲು ಮುಂದೆ. ಐದೂ ಬೆರಳು ಸೆಟೆದುಕೊಂಡು.

ನವೀನ ಮುಖ ಮುಚ್ಚಿಕೊಂಡ.

ಯಾಯ್ ಒಂದು ಕ್ಷಣ ಕಾಲು ನೋಡಿದರು, ಅತ್ತೆಯ ಮುಖ ನೋಡಿದರು. ಮರುಕ್ಷಣ ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು! ಸೊಂಟದ ಚೀಲದಿಂದ ಹಸಿರು ಮುಲಾಮು ತೆಗೆದು ಮೀನಖಂಡಕ್ಕೆ ಹಚ್ಚಿ ತಿಕ್ಕತೊಡಗಿದರು. ಪಚ್ಚಕರ್ಪೂರದಂಥ ವಾಸನೆ ಹಾಲ್ ತುಂಬಿತು.

ಅತ್ತೆಗೆ ನೋವಿಗಿಂತ ಗಾಬರಿ ಹೆಚ್ಚು. ತಮಗಿಂತ ಹಿರಿಯರು ತಮ್ಮ ಕಾಲು ಮುಟ್ಟುವುದೆಂದರೇನು? "ಅಯ್ಯೋ, ಬಿಡ್ರೀ! ಬಿಡ್ರೀ ಅಮ್ಮಾ! ಪಾಪ ಬರ್ತತಿ ನಂಗೆ! ಗಿರೀಶಾ, ಹೇಳೋ ಅವರಿಗೆ!"

ಯಾಯ್ ಬಿಡಲಿಲ್ಲ. "ಮೈ ಪೆನ್ ರೈ, ಮೈ ಪೆನ್ ರೈ," ಎನ್ನುತ್ತ ಹೆಬ್ಬೆರಳಿಂದ ಒತ್ತುತ್ತಲೇ ಇದ್ದರು. ‘ಇರಲಿ ಬಿಡಿ, ಏನಾಗಲ್ಲ’ ಎಂದು ಅದರ ಅರ್ಥ. ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಸೆಳೆತ ಇಳಿಯಿತು. ಅತ್ತೆಯ ಹುಬ್ಬು ಸಡಿಲಾಯಿತು. ಕಣ್ಣಲ್ಲಿ ನೀರು. ಆಮೇಲೆ ಏನು ಮಾಡಿದರು ಗೊತ್ತೇ? ಮುಂದೆ ಬಾಗಿ ಯಾಯ್ ತಲೆಯಿಂದ ಕೆನ್ನೆಯವರೆಗೆ ಎರಡೂ ಕೈಯಿಂದ ಸವರಿ, ಬೆರಳುಗಳನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ಲಟಲಟನೆ ಲಟಿಕೆ ಮುರಿದರು! "ನನ್ನ ತಾಯಿ! ಎಷ್ಟು ದೃಷ್ಟಿ ಆಗೇತೋ ನಿಂಗೆ!"

ತಲೆ! ಹೋಯಿತು! ಒಂದೇ ನಿಮಿಷದಲ್ಲಿ ಕಾಲಿನ ನಿಯಮವೂ ತಲೆಯ ನಿಯಮವೂ ಎರಡೂ ಢಮಾರ್!

ಯಾಯ್ ಕಣ್ಣು ಪಿಳಿಪಿಳಿ ಬಿಟ್ಟರು. ಲಟಿಕೆಯ ಸದ್ದು ಎಲ್ಲಿಂದ ಬಂತೆಂದು ತಿಳಿಯದೆ ತಮ್ಮ ಬೆರಳು ನೋಡಿಕೊಂಡರು. ನಾನು ಹೇಳಿಕೊಟ್ಟಂತೆ ಪ್ಲೋಯ್ ತಡವರಿಸುತ್ತ ದೃಷ್ಟಿ ತೆಗೆಯುವ ಕಥೆ ವಿವರಿಸಿದಳು. ಯಾಯ್ ನಗತೊಡಗಿದರು ನೋಡಿ! ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ತೊಡೆ ತಟ್ಟಿ ನಕ್ಕರು. ಅತ್ತೆಯೂ ನಕ್ಕರು. ಜೋರಾಗಿ, ದಾವಣಗೆರೆಯ ವಾಲ್ಯೂಮಿನಲ್ಲಿ. ಪಕ್ಕದ ಮನೆಯ ಸ್ವೀಡಿಷ್ ಅಜ್ಜಿ ಬಾಲ್ಕನಿಗೆ ಬಂದು ಇಣುಕುವಷ್ಟು.

ಇಲ್ಲಿಗೆ ನಿಲ್ಲಿಸಿದ್ದರೂ ಸಾಕಿತ್ತು. ಆದರೆ ಯಾಯ್ ಎದ್ದು ಒಳಗೆ ಹೋಗಿ ಬಿಳಿ ನೂಲು ತಂದರು. ಅವರ ಕಡೆ ಶುಭದ ಹೊತ್ತಿನಲ್ಲಿ ಹಿರಿಯರು ಮಣಿಕಟ್ಟಿಗೆ ನೂಲು ಕಟ್ಟುತ್ತಾರೆ. ಮನುಷ್ಯನೊಳಗಿನ ಚೇತನ ಗಾಬರಿಗೆ ಅಲ್ಲಿ ಇಲ್ಲಿ ಓಡಿಹೋಗುತ್ತದಂತೆ. ನೂಲು ಕಟ್ಟಿ ಅದನ್ನು ಮನೆಗೆ ಕರೆಯುವುದು. ಯಾಯ್ ಒಪ್ಪಿದ್ದರು ಎಂದಾಯಿತಲ್ಲ! ನವೀನ ಕೂತಲ್ಲೇ ಎರಡು ಇಂಚು ಮೇಲೆ ಹಾರಿದ.

ಮೊದಲ ನೂಲನ್ನು ಯಾಯ್ ಅತ್ತೆಯ ಮುಂದೆ ಹಿಡಿದರು. ಮಗನ ಕೈಗೆ ಮೊದಲು ಕಟ್ಟಬೇಕಾದವಳು ತಾಯಿ.

ಅತ್ತೆಯ ಕೈ ಹಿಂದೆ ಹೋಯಿತು.

"ಸುಮಾ, ನೀನು ಕಟ್ಟಮ್ಮ. ನೀನೂ ಗಿರೀಶನೂ ಕಟ್ರಿ. ನಾನು ಬ್ಯಾಡ."

ಮಾವನವರು ತೀರಿಕೊಂಡ ಮೇಲೆ ನೋಡುತ್ತಲೇ ಬಂದಿದ್ದೇನೆ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಅತ್ತೆ ಅಡುಗೆ ಮನೆಯ ಬಾಗಿಲಲ್ಲೇ ನಿಲ್ಲುತ್ತಾರೆ. ಯಾರೂ ಬೇಡ ಎನ್ನುವುದಿಲ್ಲ. ಬಾ ಎಂದೂ ಕೈ ಹಿಡಿದು ಎಳೆಯುವುದಿಲ್ಲ. ನಾನು ಕೂಡ.

"ಯಾಕೆ ಬೇಡ ಅಂತಾರೆ?" ಎಂದಳು ಪ್ಲೋಯ್.

ಹೇಳಬೇಕಾಯಿತು. ಸ್ವೀಡಿಷ್‌ನಲ್ಲಿ ಹೇಳಿದೆ. ಅವರ ಗಂಡ ಇಲ್ಲ, ನಮ್ಮಲ್ಲಿ ಅಂಥವರು ಶುಭಕಾರ್ಯಕ್ಕೆ ಮುಂದೆ ಬರುವುದಿಲ್ಲ. ಆ ಭಾಷೆಯಲ್ಲಿ ಹೇಳುವಾಗ ಅದು ನನಗೇ ಒರಟಾಗಿ ಕೇಳಿಸಿತು. ಮಾತು ನನ್ನಿಂದ ಪ್ಲೋಯ್‌ಗೆ, ಅವಳಿಂದ ಯಾಯ್‌ಗೆ ಹೋಯಿತು.

ಯಾಯ್ ತಮ್ಮ ಎದೆ ಮುಟ್ಟಿಕೊಂಡು ಮೆಲ್ಲಗೆ ಏನೋ ಹೇಳಿದರು. ಪ್ಲೋಯ್ ಅನುವಾದಿಸಿದಳು:

"ನನ್ನ ಗಂಡನೂ ಇಲ್ಲ. ಮಗಳು ಚಿಕ್ಕವಳಿದ್ದಾಗಲೇ ಹೋದ. ಹುಡುಗನಿಗೆ ಅಪ್ಪ ಇಲ್ಲ ಅಂದಮೇಲೆ ಅಮ್ಮ ಎರಡು ನೂಲು ಕಟ್ಟಬೇಕು ತಾನೆ? ಅವನದ್ದೂ ಸೇರಿಸಿ."

(ಅವರಲ್ಲೂ ಬೇರೆ ಯಾವುದೋ ಕಟ್ಟುಪಾಡು ಇರಬಹುದು. ಇಲ್ಲದ ಊರು ಎಲ್ಲಿದೆ? ಆ ದಿನ ಆ ಚಾಪೆಯ ಮೇಲೆ ಮಾತ್ರ ಇರಲಿಲ್ಲ.)

ಅತ್ತೆ ಕೇಳಿಸಿಕೊಂಡರು. ನವೀನ ತನ್ನ ಕೈಯನ್ನು ಅಮ್ಮನ ಮುಂದೆ ಚಾಚಿ ಕೂತ. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಒಂದು ನೂಲು ಕಟ್ಟಿದರು. ಗಂಟು ಜಾರಿತು. ಮತ್ತೆ ಕಟ್ಟಿದರು. ಇನ್ನೊಂದನ್ನೂ ಕಟ್ಟಿದರು. ಆಮೇಲೆ ಪ್ಲೋಯ್ ಕೈಗೆ ಎರಡು. ಅಲ್ಲಿಗೆ ನಿಂತರೇ? ಕೈ ಕುದುರಿತು ನೋಡಿ, ನನಗೆ, ಗಿರೀಶನಿಗೆ, ಅನ್ವಿಗೆ, ಕಾಫಿ ಹಿಡಿದು ಬಂದ ಸ್ವೀಡಿಷ್ ಬೀಗರಿಗೆ, ಎಲ್ಲರಿಗೂ ಕಟ್ಟಿದರು! ಯಾಯ್ ನೂಲು ಹರಿದು ಕೊಡುವುದು, ಅತ್ತೆ ಕಟ್ಟುವುದು. ಎಷ್ಟೋ ಮದುವೆಗಳನ್ನು ಜೊತೆಗೆ ನಡೆಸಿದವರ ಹಾಗೆ.

ಮದುವೆ ಎರಡು ಸಲ. ಚಳಿಗಾಲದಲ್ಲಿ ಮೊದಲು ಯಾಯ್ ಹಳ್ಳಿಯಲ್ಲಿ, ಆಮೇಲೆ ದಾವಣಗೆರೆಯಲ್ಲಿ. ನಿನ್ನೆ ಪ್ಲೋಯ್ ಫೋನ್ ಮಾಡಿದ್ದಳು. ದಾವಣಗೆರೆಗೆ ಬಂದಾಗ ಏನೇನು ಮಾಡಬಾರದು ಎಂದು ಯಾಯ್ ಕೇಳುತ್ತಿದ್ದಾರಂತೆ. ಈಗಿನಿಂದಲೇ ಕಲಿಯಬೇಕಂತೆ. ನಾನು ಎಡಗೈ, ಎಂಜಲು, ಮಡಿ ಎಂದು ಶುರು ಮಾಡಿದ್ದೆ. ಅಡುಗೆ ಮನೆಯಿಂದ ಅತ್ತೆಯ ದನಿ ತೂರಿ ಬಂತು:

"ಏನೂ ಇಲ್ಲ ಅಂತ ಹೇಳು! ಆರತಿ ತಟ್ಟೆ ನಾನೂ ಅವರೂ ಸೇರಿ ಹಿಡೀತೀವಿ. ಬ್ಯಾಡ ಅನ್ನೋರು ಯಾರಿದಾರೋ, ಬರ್ಲಿ ಮುಂದೆ!"

ಇದ್ದೀರಾ ಯಾರಾದರೂ?